ಬಟ್ಟೆ ದಾರದ ಮೇಲೆ ಮೂವರು ಸಿಪಾಯಿಗಳು

ನಮ್ಮ ಮನೆಯ ಓನರ್ ಅಜ್ಜಿಗೆ ಭಾನುವಾರ ಹನ್ನೊಂದರಿಂದ ಒಂದು ಗಂಟೆಯವರೆಗೆ ಯಾರೂ ಫೋನು ಮಾಡುವಂತಿಲ್ಲ. ಆ ಹೊತ್ತಿನಲ್ಲಿ ಅವರು ಟೆರೇಸಿನ ಮೇಲೆ ನಿಂತು, ತೀರಿಹೋದ ಅಣ್ಣತಮ್ಮಂದಿರನ್ನು ಬಯ್ಯುತ್ತಿರುತ್ತಾರೆ!

ಬಯ್ಯುವುದೇನೂ ದೊಡ್ಡ ಸಂಗತಿಯಲ್ಲ ಬಿಡಿ. ಬದುಕಿದ್ದಾಗ ಎದುರಿಗೆ ನಿಂತು ಹೇಳಲಾರದ್ದನ್ನು ಸತ್ತ ಮೇಲೆ ಫೋಟೋದ ಮುಂದೆ ನಿಂತು ಹೇಳುವವರು ನಮ್ಮ ವಂಶದಲ್ಲೇ ಬೇಕಾದಷ್ಟು ಜನ ಇದ್ದಾರೆ. ಆದರೆ ನಮ್ಮ ಅಜ್ಜಿ ಬೈದು ಮುಗಿಸಿ ಕೆಳಗಿಳಿದು ಹೋಗುವವರಲ್ಲ. ಸೊಂಟದ ಮೇಲೆ ಕೈಯಿಟ್ಟು, ತಲೆಯನ್ನು ಒಂದು ಕಡೆಗೆ ವಾಲಿಸಿ, ಉತ್ತರಕ್ಕೆ ಕಾಯುತ್ತಾರೆ. ಇದನ್ನು ನೋಡಿ ನನಗೆ ನಗು ಬಂದಿತ್ತು. ಎಲ್ಲಿಯವರೆಗೆ? ಉತ್ತರ ಬರುವುದನ್ನು ನನ್ನ ಕಿವಿಯಿಂದಲೇ ಕೇಳುವವರೆಗೆ!

ನಾವು ದಾವಣಗೆರೆ ಕಡೆಯವರು. ನನಗೆ ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ಮನೆಯಿಂದಲೇ ಮಾಡುವ ಕೆಲಸ. ಯಂತ್ರಗಳ ಜೊತೆ ಕೊಡುವ, ಯಾರೂ ಓದದ ಪುಸ್ತಕಗಳಿವೆಯಲ್ಲ, ಅವನ್ನು ಬರೆಯುವುದು. ನಮ್ಮ ಯಜಮಾನರಿಗೆ ದೊಡ್ಡನೆಕ್ಕುಂದಿಯ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳನ್ನು ಅಳೆದು, ಸರಿಯಿಲ್ಲದ್ದನ್ನು ಬಿಸಾಡುವ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಇವರ ಮುಖ ಹುಳ್ಳಗಾಗುತ್ತದೆ. ಮನೆಯಲ್ಲೂ ಅದೇ ಬುದ್ಧಿ. ನಾನು ಬಡಿದ ರೊಟ್ಟಿಯನ್ನು ಬಾಯಿಗಿಡುವ ಮೊದಲು ಒಂದು ಸಲ ಬೆಳಕಿಗೆ ಹಿಡಿದು ನೋಡುತ್ತಾರೆ! ಇಪ್ಪತ್ತು ವರ್ಷದ ನೌಕರಿಯಲ್ಲಿ ಒಂದೇ ಒಂದು ತಪ್ಪು ಅಳತೆಗೂ ಸಹಿ ಹಾಕಿಲ್ಲ ಎನ್ನುವುದು ಇವರ ಜೀವನದ ಹೆಮ್ಮೆ.

ಕಾರ್ಖಾನೆಗೆ ಹತ್ತಿರವಿರಲೆಂದು ದೊಡ್ಡನೆಕ್ಕುಂದಿಯಲ್ಲೇ ಮನೆ ಹುಡುಕಲು ಹೊರಟೆವು. ಬೇರೆ ಓನರುಗಳೆಲ್ಲ ಕೇಳುವ ಪ್ರಶ್ನೆಗಳು ನಿಮಗೆ ಗೊತ್ತೇ ಇವೆ: ವೆಜ್ಜಾ ನಾನ್‌ವೆಜ್ಜಾ, ಎಷ್ಟು ಜನ, ನೆಂಟರು ಎಷ್ಟು ದಿನ ಇರ್ತಾರೆ. ಈ ಅಜ್ಜಿ ಜಗಲಿಯ ಮೇಲೆ ಕುಳಿತು ನಮ್ಮಿಬ್ಬರನ್ನೂ ಮೇಲಿನಿಂದ ಕೆಳಗಿನವರೆಗೆ ನೋಡಿ ಕೇಳಿದ್ದು ಒಂದೇ ಪ್ರಶ್ನೆ.

“ಕಿಣಿಕಿಣಿ ಸದ್ದಿಗೆ ಬೆಚ್ತೀಯೇನವ್ವಾ?”

ಪೂಜೆಯ ಗಂಟೆ ಇರಬೇಕೆಂದುಕೊಂಡು ನಾನು, “ಇಲ್ಲ ಅಜ್ಜಿ, ನಮ್ಮ ಮನ್ಯಾಗೂ ದಿನಾ ಪೂಜೆ ಮಾಡ್ತೀವಿ” ಎಂದೆ.

“ಆ ಸದ್ದಲ್ಲ” ಎಂದರು ಅಜ್ಜಿ. ಯಾವ ಸದ್ದು ಎಂದು ಹೇಳಲಿಲ್ಲ. ಸೆರಗಿನ ಗಂಟು ಬಿಚ್ಚಿ ಬೀಗದ ಕೈ ಕೊಟ್ಟರು. ಆಮೇಲೆ ಗೊತ್ತಾಯಿತು, ನಮಗಿಂತ ಮೊದಲು ಮೇಲಿನ ಮನೆಗೆ ಬಂದಿದ್ದ ಮೂರು ಸಂಸಾರಗಳೂ ಆರು ತಿಂಗಳು ತುಂಬುವ ಮೊದಲೇ ಖಾಲಿ ಮಾಡಿದ್ದವಂತೆ!

ಮೊದಲ ಭಾನುವಾರ ನಾನು ಬಟ್ಟೆ ಒಗೆದು ಟೆರೇಸಿಗೆ ಹೋಗಿ ಇವರ ಪ್ಯಾಂಟುಗಳನ್ನೆಲ್ಲ ಸಾಲಾಗಿ ಒಣಹಾಕಿ ಬಂದೆ. ಹನ್ನೊಂದೂಕಾಲಿಗೆ ಮತ್ತೆ ಹೋಗಿ ನೋಡಿದರೆ ಇವರ ಪ್ಯಾಂಟುಗಳೆಲ್ಲ ನೀರಿನ ಟ್ಯಾಂಕಿನ ಮೇಲೆ ಬಿದ್ದಿವೆ. ದಾರದ ಮೇಲೆ ಪ್ಲಾಸ್ಟಿಕ್ ಕ್ಲಿಪ್ಪು ಹಾಕಿ ಏಳೋ ಎಂಟೋ ಪದಕಗಳನ್ನು ನೇತುಹಾಕಿದ್ದಾರೆ! ಬಣ್ಣಬಣ್ಣದ ಪಟ್ಟಿಯ, ಗುಂಡನೆಯ, ಹಪ್ಪಳದಂತೆ ಬಿಸಿಲು ಕಾಯುತ್ತಿರುವ ಪದಕಗಳು. ಮಿಲಿಟರಿಯವರ ಎದೆಯ ಮೇಲಿರುತ್ತವಲ್ಲ, ಅವೇ.

“ನಿನ್ ಗಂಡನ್ ಪ್ಯಾಂಟು ದೊಡ್ಡವ್ನ ಮಕಕ್ಕೆ ಬಡೀತಿತ್ತು ಕಣವ್ವ, ತೆಗ್ದಾಕ್ದೆ” ಎಂದರು ಅಜ್ಜಿ, ತೀರಾ ಸಹಜವಾಗಿ. ಆಮೇಲೆ ದಾರದ ಕಡೆ ತಿರುಗಿ, “ಏನ್ ನೋಡ್ತೀಯ? ಮೇಲ್ಗಡೆ ಮನೆಯವ್ಳು. ನಮ್ಸ್ಕಾರ ಅನ್ನು” ಎಂದರು.

ಗಾಳಿ ಎನ್ನುವುದು ಎಳ್ಳಷ್ಟೂ ಇರಲಿಲ್ಲ. ನನ್ನ ಹೆಗಲ ಮೇಲಿದ್ದ ದುಪಟ್ಟಾದ ತುದಿ ಕೂಡ ಅಲುಗಲಿಲ್ಲ. ಎಡಗಡೆಯ ಮೊದಲ ಪದಕ ಮಾತ್ರ ಪಕ್ಕದ್ದಕ್ಕೆ ತಾಗಿ ‘ಟಿಣ್’ ಎಂದಿತು.

ನಾನು ಪ್ಯಾಂಟುಗಳನ್ನು ಅಲ್ಲೇ ಬಿಟ್ಟು ಕೆಳಗಿಳಿದೆ. ಇಳಿಯುವಾಗ ಎಷ್ಟು ಮೆಟ್ಟಿಲಿದ್ದವು ಎಂದು ಕೇಳಬೇಡಿ, ನಾನು ಮೂರನ್ನೋ ನಾಲ್ಕನ್ನೋ ಮಾತ್ರ ಮುಟ್ಟಿದೆ!

ಇವರಿಗೆ ಹೇಳಿದರೆ ನಕ್ಕರು. “ಪಕ್ಕದ ಶೆಡ್ಡಿನಾಗ ತಗಡು ಒತ್ತೋ ಮಷೀನು ಐತಲ್ಲ, ಅದರ ಹೊಡತಕ್ಕ ಇಡೀ ಬೀದಿ ಅದುರ್ತತಿ. ಕಂಪನ! ವಿಜ್ಞಾನ!” ಎಂದರು.

“ಇವತ್ತು ಭಾನುವಾರರೀ. ಶೆಡ್ಡಿಗೆ ಬೀಗ ಹಾಕ್ಯಾರ.”

ಇವರು ರೊಟ್ಟಿಯನ್ನು ಬೆಳಕಿಗೆ ಹಿಡಿದರು. ಬಹಳ ಹೊತ್ತು ಹಿಡಿದೇ ಇದ್ದರು.

ಹೆದರಿಕೆ ಎಷ್ಟು ದಿನ ಅಂತ ಇರುತ್ತದೆ ಹೇಳಿ? ಕುತೂಹಲ ಅದರ ತಂಗಿ, ಹಿಂದೆಯೇ ಬರುತ್ತದೆ. ಪದಕಗಳಿಗೆ ಅಜ್ಜಿ ‘ಬಿಲ್ಲೆ’ ಎನ್ನುತ್ತಿದ್ದರು. ಬಿಲ್ಲೆ ಉಜ್ಜಲು “ನಿಮ್ ದೇವ್ರ ಇಬೂತಿ ಒಂದ್ ಉಂಡೆ ಕೊಡವ್ವ” ಎಂದು ಕೇಳಲು ಬಂದವರು ಅಡುಗೆಮನೆಯಲ್ಲೇ ಕುಳಿತು, ಒಂದೊಂದಾಗಿ ಅವರ ಮನೆಯ ಕಥೆ ಹೇಳಿದರು.

ಇಬ್ಬರು ಅಣ್ಣಂದಿರು, ನಡುವೆ ಅಜ್ಜಿ, ಕೊನೆಗೆ ಒಬ್ಬ ತಮ್ಮ. ಆಗ ದೊಡ್ಡನೆಕ್ಕುಂದಿ ಎಂದರೆ ಕೆರೆ, ರಾಗಿ ಹೊಲ, ಅಷ್ಟೇ. ಅಜ್ಜಿಯ ಮನೆಯವರ ಹೊಲವಿದ್ದ ಕಡೆ ಈಗ ಆರು ಅಂತಸ್ತಿನ ಪಾರ್ಕಿಂಗು ಎದ್ದಿದೆ. ಮೂವರು ಗಂಡುಮಕ್ಕಳೂ ಒಬ್ಬರ ಹಿಂದೆ ಒಬ್ಬರು ಸೈನ್ಯಕ್ಕೆ ಸೇರಿದರು. ದೊಡ್ಡವನು ಚೀನಾ ಯುದ್ಧದಲ್ಲಿ ಹಿಮದಲ್ಲಿ ಉಳಿದ. ನಡುವಿನವನು ಪಾಕಿಸ್ತಾನದ ಯುದ್ಧದಲ್ಲಿ ಒಂದು ಕಾಲು ಅಲ್ಲೇ ಬಿಟ್ಟು, ಮರದ ಕಾಲು ಕಟ್ಟಿಕೊಂಡು ಬಂದು, ಇದೇ ಮನೆಯಲ್ಲಿ ಹದಿನೈದು ವರ್ಷ ಬದುಕಿ ತೀರಿಕೊಂಡ. ಚಿಕ್ಕವನು ಬಾಂಗ್ಲಾ ಯುದ್ಧಕ್ಕೆ ಹೋದವನು. ಮೊದಲು ತಂತಿ ಬಂತು, ಆಮೇಲೆ ಅವನ ತಗಡಿನ ಟ್ರಂಕು ಬಂತು. ಹುಟ್ಟಿದ ಮನೆ ಖಾಲಿಯಾಗಬಾರದೆಂದು ಅಜ್ಜಿಯ ಅಪ್ಪ ಅಳಿಯನನ್ನೇ ಮನೆಗೆ ತಂದುಕೊಂಡರು. ಈಗ ಆ ಅಳಿಯನೂ ಇಲ್ಲ. ಮಗಳು ಮಾದನಾಯಕನಹಳ್ಳಿಯಲ್ಲಿದ್ದಾಳೆ.

“ಅಮ್ಮ ಓದಾಗ ಚಿಕ್ಕವ್ನಿಗೆ ನಾಕ್ ವರ್ಸ. ನಾನೇ ಎತ್ತಿ ಆಡ್ಸಿದ್ದು” ಎಂದರು ಅಜ್ಜಿ. ವಿಭೂತಿ ಉಂಡೆಯನ್ನು ಸೆರಗಿಗೆ ಕಟ್ಟಿಕೊಂಡು, ಲೋಟದ ಕಾಫಿ ಮುಗಿಸಿ, “ಈಗ ಮೂರ್ ಜನಾನೂ ನನ್ ತಲೆ ತಿಂತಾರೆ” ಎಂದು ಹೊರಟರು.

ನಡುವಿನವನ ಮರದ ಕಾಲು ಈಗಲೂ ಇದೆ. ಕೆಳಗಿನ ಮನೆಯ ಬಾಗಿಲ ಹಿಂದೆ ನಿಂತುಕೊಂಡಿರುತ್ತದೆ. ನಿಂತುಕೊಂಡಿರುತ್ತದೆ ಎಂದೇ ಹೇಳಬೇಕು, ಇಟ್ಟಿರುತ್ತಾರೆ ಎನ್ನಲು ನನಗೆ ಧೈರ್ಯವಿಲ್ಲ. ಯಾಕೆಂದರೆ ಅಜ್ಜಿ ಮನೆಯಲ್ಲಿದ್ದಾಗ ಅದರ ಬೂಟು ಒಳಕ್ಕೆ ಮುಖ ಮಾಡಿರುತ್ತದೆ, ಅಜ್ಜಿ ಸಂತೆಗೋ ಮಗಳ ಮನೆಗೋ ಹೋದರೆ ಬಾಗಿಲ ಕಡೆಗೆ! “ನೀವೇ ತಿರುಗಿಸಿ ಹೋಗ್ತೀರೇನಜ್ಜಿ?” ಎಂದರೆ, “ನಾನ್ಯಾಕ್ ತಿರುಗ್ಸಲಿ? ಕಾವ್ಲು ಕಾಯೋನ್ಗೆ ಯಾವ್ ಕಡೆ ನಿಂತ್ಕೋಬೇಕು ಅಂತ ನಾನ್ ಯೋಳ್ಕೊಡ್ಬೇಕಾ?” ಎನ್ನುತ್ತಾರೆ. ಒಮ್ಮೆ ಗ್ಯಾಸ್ ಸಿಲಿಂಡರ್ ತಂದವನು ಬಾಗಿಲು ತೆರೆದಿದೆಯೆಂದು ನೇರ ಒಳಕ್ಕೆ ಕಾಲಿಟ್ಟ. ಬಾಗಿಲ ಹಿಂದಿನಿಂದ ಒಂದು ಕಾಲು ಮುಂದಕ್ಕೆ ಬಂದು ಅಡ್ಡ ಬಿತ್ತು. ಸಿಲಿಂಡರು ಉರುಳಿತು, ಅವನೂ ಉರುಳಿದ, ಎದ್ದು ಓಡಿದ. ಅಂದಿನಿಂದ ಅವನು ಸಿಲಿಂಡರನ್ನು ಗೇಟಿನ ಹೊರಗೇ ಇಟ್ಟು ಶಿಳ್ಳೆ ಹೊಡೆಯುತ್ತಾನೆ.

ದೊಡ್ಡವನದು ಬೇರೆ ಇಲಾಖೆ: ಸುದ್ದಿ. ಒಂದು ದಿನ ಅಜ್ಜಿ ಟೆರೇಸಿನಿಂದಲೇ ಕೂಗಿದರು: “ಏ ತಾಯೀ, ನಿಮ್ಮನೇಲಿ ಆಲು ಉಕ್ತಾ ಐತಂತೆ, ದೊಡ್ಡವ್ನು ಯೋಳ್ತಾವ್ನೆ!” ನಾನು ಆಫೀಸಿನ ಮೀಟಿಂಗಿನಲ್ಲಿ ಮುಳುಗಿದ್ದೆ. ಹೋಗಿ ನೋಡಿದರೆ ಹಾಲು ಪಾತ್ರೆಯ ಅಂಚು ದಾಟಿ ಒಲೆಯ ಮೇಲೆ ಇಳಿಯುತ್ತಿದೆ. “ಸೀದ ವಾಸನಿ ಮೂಗಿಗೆ ಬಂದಿರತತಿ” ಎಂದರು ಇವರು ಸಂಜೆ. ಆದರೆ ಹಾಲು ಸೀದಿರಲಿಲ್ಲ. ನಾನು ಹೋದಾಗ ಆಗತಾನೇ ಉಕ್ಕಲು ಶುರುವಾಗಿತ್ತು! ಇವರು ಚಪ್ಪಲಿ ಹಾಕಿಕೊಂಡು ಹಾಲು ತರಲು ಹೋದರು.

ಇಬ್ಬರೂ ಹೀಗೆ ಮನೆಗೆ ಉಪಕಾರಿಗಳು. ತೊಂದರೆಯಿದ್ದದ್ದು ಚಿಕ್ಕವನದು.

ಮಹಾಲಯ ಅಮಾವಾಸ್ಯೆಯ ದಿನ ಅಜ್ಜಿ ಟೆರೇಸಿನ ಮೇಲೆ ಮೂರು ಬಾಳೆಎಲೆ ಹಾಸಿ ಎಡೆಯಿಟ್ಟರು. ಮೂರರಲ್ಲೂ ರಾಗಿ ಮುದ್ದೆ, ಅವರೆಕಾಳಿನ ಸಾರು, ಒಂದೊಂದು ವಡೆ. ನಾನೂ ಪಕ್ಕದಲ್ಲಿ ನಿಂತಿದ್ದೆ. ಕಾಗೆ ಬಂತು. ದೊಡ್ಡವನ ಎಲೆಯಲ್ಲಿ ಮುದ್ದೆ ಮುರಿಯಿತು, ನಡುವಿನವನ ಎಲೆಯಲ್ಲಿ ಮುರಿಯಿತು. ಮೂರನೆಯ ಎಲೆಯ ಮುಂದೆ ಬಂದು, ಕೊಕ್ಕು ಬಗ್ಗಿಸಿ, ಮುದ್ದೆಯನ್ನೊಮ್ಮೆ ನೋಡಿ, ಎರಡು ಹೆಜ್ಜೆ ಹಿಂದಕ್ಕೆ ಸರಿದು ನಿಂತಿತು. ವಡೆಯನ್ನೂ ಮುಟ್ಟಲಿಲ್ಲ.

“ನೋಡ್ದಾ ಇವನ್ ಕೊಬ್ಬು?” ಎಂದು ಅಜ್ಜಿ ನನ್ನ ಕಡೆ ತಿರುಗಿದರು. “ನೆಕ್ಕುಂದಿ ಮಣ್ಣಲ್ ಉಟ್ಟಿ ಮುದ್ದೆ ಬ್ಯಾಡ ಅಂತಾನೆ! ವರ್ಸಾ ವರ್ಸಾ ಇದೇ ರಾಮಾಯ್ಣ.” ಗೊಣಗುತ್ತಲೇ ಕೆಳಗೆ ಹೋಗಿ ಒಂದು ಹಿಡಿ ಅನ್ನಕ್ಕೆ ನೀರು ಹಾಕಿಕೊಂಡು ಬಂದು ಸುರಿದರು. ಕಾಗೆ ತಕ್ಷಣ ಬಂದು ತಿಂದಿತು. ಎಲೆ ತೂತಾಗುವವರೆಗೂ ತಿಂದಿತು.

ನಾನು ನಕ್ಕೆ. ಅಜ್ಜಿ ನಗಲಿಲ್ಲ. ಕಾಗೆ ಹಾರಿಹೋದ ಮೇಲೂ ಆ ಎಲೆಯನ್ನೇ ನೋಡುತ್ತಾ ನಿಂತಿದ್ದರು. ಆ ಮುಖದಲ್ಲಿ ಕೋಪವಿರಲಿಲ್ಲ, ಇನ್ನೇನೋ ಇತ್ತು. ಅದೇನೆಂದು ನನಗೆ ಆಗ ತಿಳಿಯಲಿಲ್ಲ.

ಆಮೇಲೆ ಅಜ್ಜಿಯ ಕಣ್ಣಿನ ಪೊರೆ ತೆಗೆಸುವುದೆಂದಾಯಿತು. ಮಗಳು ಬಂದು ಕರೆದುಕೊಂಡು ಹೋದಳು. ಹೋಗುವ ಮುನ್ನ ಅಜ್ಜಿ ನನ್ನ ಕೈಗೆ ಟ್ರಂಕಿನ ಬೀಗದ ಕೈ ಕೊಟ್ಟು, “ಭಾನ್ವಾರ ಬಿಸ್ಲಿಗಾಕು. ಒಬ್ಬೊಬ್ರನ್ನೂ ಕೂಗಿ ಮಾತಾಡ್ಸು. ಇಲ್ದಿದ್ರೆ ಮಕ ಊದುಸ್ಕೋತಾರೆ” ಎಂದರು. ಆಟೋ ಹತ್ತಿದವರು ಮತ್ತೆ ಇಳಿದು ಬಂದು, ದನಿ ತಗ್ಗಿಸಿ, “ಚಿಕ್ಕವ್ನ ಎಸ್ರಿಡ್ದು ಕೂಗಬ್ಯಾಡ. ಅವ್ನು ಎಸ್ರಿಗೆ ಓ ಅನ್ನಕಿಲ್ಲ. ಸುಮ್ನೆ ಬೇಜಾರ್ ಮಾಡ್ಕೋತಾನೆ” ಎಂದರು.

ಯಾಕೆ ಎಂದು ಕೇಳುವಷ್ಟರಲ್ಲಿ ಆಟೋ ಹೊರಟಿತ್ತು.

ಭಾನುವಾರ ಬಂತು. ಇವರನ್ನು ಜೊತೆಗೆ ಕರೆದರೆ, ಕಾರ್ಖಾನೆಯಲ್ಲಿ ಅರ್ಜೆಂಟ್ ಕೆಲಸವಿದೆ ಎಂದು ಹೊರಟೇಬಿಟ್ಟರು. ಭಾನುವಾರ ಎಂಥ ಅರ್ಜೆಂಟು? ನಮ್ಮ ಯಜಮಾನರ ವಿಜ್ಞಾನಕ್ಕೂ ರಜೆ ಬೇಕೆನಿಸಿತ್ತು, ಅಷ್ಟೇ! ನಾನೊಬ್ಬಳೇ ಟ್ರಂಕು ತೆರೆದು, ಬಿಲ್ಲೆಗಳನ್ನು ಮಡಿಲಲ್ಲಿ ತುಂಬಿಕೊಂಡು, ಮೇಲೆ ಹೋಗಿ ಅಜ್ಜಿ ಹಾಕುತ್ತಿದ್ದ ಕ್ರಮದಲ್ಲೇ ಕ್ಲಿಪ್ಪು ಹಾಕಿದೆ. ಎಡಕ್ಕೆ ದೊಡ್ಡವನವು, ನಡುವೆ ನಡುವಿನವನವು, ಬಲತುದಿಯಲ್ಲಿ ಚಿಕ್ಕವನವು ಎರಡು.

ಹಗಲು ಹನ್ನೆರಡು ಗಂಟೆಯ ಬಿಸಿಲು. ನೆರಳು ಕಾಲಡಿಗೆ ಸೇರಿಕೊಂಡಿತ್ತು. ಪಕ್ಕದ ಐದು ಅಂತಸ್ತಿನ ಪೀಜಿಯಲ್ಲಿ ಹುಡುಗರೆಲ್ಲ ಇನ್ನೂ ಮಲಗಿದ್ದರು. ರಿಂಗ್ ರೋಡಿನ ಸದ್ದು ಕೂಡ ಎಲ್ಲೋ ನೀರಿನೊಳಗಿಂದ ಬಂದಂತೆ ಕೇಳುತ್ತಿತ್ತು. ನಾನು ಗಂಟಲು ಸರಿಮಾಡಿಕೊಂಡು ದೊಡ್ಡವನ ಹೆಸರು ಕೂಗಿದೆ. ಟಿಣ್. ನಡುವಿನವನ ಹೆಸರು ಕೂಗಿದೆ. ಟಿಣ್, ಟಿಣ್.

ಮನುಷ್ಯರ ನಾಲಗೆ ನೋಡಿ! ಬೇಡವೆಂದದ್ದನ್ನೇ ಮಾಡುತ್ತದೆ. ನಾನು ಚಿಕ್ಕವನ ಹೆಸರನ್ನೂ ಕೂಗಿದೆ.

ಏನೂ ಆಗಲಿಲ್ಲ. ಇನ್ನೊಮ್ಮೆ ಕೂಗಿದೆ. ಆ ಎರಡು ಬಿಲ್ಲೆಗಳು ಅಲುಗದೆ ನೇತಾಡುತ್ತಿದ್ದವು. ಆದರೆ ನಾನು ನಿಮಗೆ ಹೇಗೆ ಹೇಳಲಿ, ಅಲ್ಲಿ ಯಾರೂ ಇಲ್ಲ ಎನಿಸಲಿಲ್ಲ. ಬಸ್ ಸ್ಟಾಂಡಿನಲ್ಲಿ ನಾವು ಪರಿಚಯದವರೆಂದು ತಿಳಿದು ಯಾರದೋ ಹೆಸರು ಕೂಗಿದಾಗ, ಆ ಅಪರಿಚಿತ ತಿರುಗದೆ ಸುಮ್ಮನೆ ನಿಂತಿರುತ್ತಾನಲ್ಲ, ಹಾಗೆ ಅಲ್ಲಿ ಯಾರೋ ನಿಂತಿದ್ದರು. ಒಂದು ಗಂಟೆಯಾಗುವ ಮೊದಲೇ ಅವನ್ನೆಲ್ಲ ತೆಗೆದು ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಅವತ್ತು ನಾನು ಮಾಡಿದ ರೊಟ್ಟಿ ಚೌಕವಾಗಿತ್ತು. ಇವರು ಬೆಳಕಿಗೆ ಹಿಡಿಯದೆ ತಿಂದರು.

ಅಜ್ಜಿ ಹೊಸ ಕಣ್ಣಿನೊಂದಿಗೆ, ಕಪ್ಪು ಕನ್ನಡಕ ಹಾಕಿಕೊಂಡು, ಸಿನಿಮಾದವರ ಹಾಗೆ ಮರಳಿ ಬಂದರು. ಬಂದವರೇ ಊರನ್ನೆಲ್ಲ ಹೊಸದಾಗಿ ನೋಡತೊಡಗಿದರು. “ಇಷ್ಟ್ ಕಪ್ಗಿದ್ದೀಯೇನವ್ವಾ ನೀನು?” ಎಂದು ನನಗೇ ಅಂದರು. ಮುಂದಿನ ಭಾನುವಾರ ಮೇಲೆ ಬಂದು ನಮ್ಮ ಮನೆಯ ಬಾಗಿಲು ತಟ್ಟಿದರು. ಕೈಯಲ್ಲಿ ಚಿಕ್ಕವನ ಬಿಲ್ಲೆಯಿತ್ತು.

“ನಿನ್ ಗಂಡ ಮನೇಲವ್ನಾ? ಆ ಭೂತಗನ್ನಡಿ ತಕೊಂಡ್ ಮೇಲ್ಗಡೆ ಬರಕ್ಕೇಳು” ಎಂದರು.

ಇವರ ಹತ್ತಿರ ಕಾರ್ಖಾನೆಯ ಕೆಲಸದ ಒಂದು ಪುಟ್ಟ ಭೂತಗನ್ನಡಿ ಇರುವುದು ನಿಜ. ಕೂದಲೆಳೆಯನ್ನು ಹಗ್ಗದಂತೆ ತೋರಿಸುತ್ತದೆ. ಆ ಹೆಸರು ಯಾರಿಟ್ಟರೋ, ಆ ದಿನ ಮಾತ್ರ ನನಗೆ ಅದರ ಮೊದಲ ಎರಡು ಅಕ್ಷರಗಳೇ ಕೇಳಿಸಿದವು!

ಟೆರೇಸಿನಲ್ಲಿ ಉಳಿದ ಬಿಲ್ಲೆಗಳು ಆಗಲೇ ದಾರದ ಮೇಲಿದ್ದವು. ಅಜ್ಜಿ ಕೈಯಲ್ಲಿದ್ದುದನ್ನೂ ಬಲತುದಿಗೆ ಸಿಕ್ಕಿಸಿ, ಅದರ ಅಂಚನ್ನು ತೋರಿಸಿದರು. “ಇಷ್ಟ್ ದಿನ ಗೀರು ಅನ್ಕೊಂಡಿದ್ದೆ ಕಣಪ್ಪ. ಈಗ ನೋಡುದ್ರೆ ಇರುವೆ ಸಾಲ್ನಂಗೆ ಅಕ್ಸರ ಐತೆ. ಏನ್ ಬರ್ದವ್ರೆ, ಓದು.”

ಸೈನಿಕರ ಪದಕಗಳ ಅಂಚಿನಲ್ಲಿ ಅವರವರ ನಂಬರೂ ಹೆಸರೂ ಕೆತ್ತಿರುತ್ತಾರಂತೆ. ನಮಗೂ ಅವತ್ತೇ ಗೊತ್ತಾಗಿದ್ದು. ಇವರು ದೊಡ್ಡವನದರಿಂದ ಶುರುಮಾಡಿದರು. ಇಂಗ್ಲಿಷಿನಲ್ಲಿ ದೊಡ್ಡವನ ನಂಬರು, ದೊಡ್ಡವನ ಹೆಸರು. ಸರಿ. ನಡುವಿನವನ ನಂಬರು, ನಡುವಿನವನ ಹೆಸರು. ಸರಿ. ಮೂರನೆಯದರ ಮುಂದೆ ಬಗ್ಗಿದವರು ಏಳಲೇ ಇಲ್ಲ. ಬಿಲ್ಲೆಯನ್ನು ತಿರುಗಿಸಿ ಮತ್ತೆ ನೋಡಿದರು. ಪಕ್ಕದ ಇನ್ನೊಂದನ್ನು ನೋಡಿದರು. ಆಮೇಲೆ ನನ್ನ ಕಡೆ ನೋಡಿದರು. ನಾನು ಹತ್ತಿರ ಹೋಗಿ ಕನ್ನಡಿಯಲ್ಲಿ ಕಣ್ಣಿಟ್ಟೆ.

ಅದರಲ್ಲಿದ್ದದ್ದು ಅಜ್ಜಿಯ ತಮ್ಮನ ಹೆಸರಲ್ಲ. ಎರಡರಲ್ಲೂ ಒಂದೇ ಹೆಸರು, ಬೇರೆ ಯಾರದೋ. ಒಡಿಶಾ ಕಡೆಯವರು, ಅನ್ನಕ್ಕೆ ನೀರು ಹಾಕಿ ಉಣ್ಣುವವರು, ಇಟ್ಟುಕೊಳ್ಳುವ ಹೆಸರು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ, ಅದು ಅವರ ಮನೆಯದು.

ಈಗ ಏನು ಹೇಳುವುದು? ಐವತ್ತು ವರ್ಷಕ್ಕೂ ಹೆಚ್ಚು ಕಾಲ ವಿಭೂತಿ ಹಚ್ಚಿ ಉಜ್ಜಿ, ಬಿಸಿಲು ಕಾಯಿಸಿ, ಎಡೆಯಿಟ್ಟು, ಬೈದು, ಮುದ್ದು ಮಾಡಿದ ಹೆಣ್ಣುಮಗಳ ಮುಂದೆ ನಿಂತು, ‘ಇವನು ನಿಮ್ಮವನಲ್ಲ’ ಎಂದು ಹೇಗೆ ಹೇಳುವುದು? ಅಜ್ಜಿ ಹೊಸ ಕಣ್ಣುಗಳಿಂದ ಇವರನ್ನೇ ನೋಡುತ್ತಿದ್ದರು.

ಇಪ್ಪತ್ತು ವರ್ಷ ಒಂದೇ ಒಂದು ತಪ್ಪು ಅಳತೆಗೂ ಸಹಿ ಹಾಕದ ನಮ್ಮ ಯಜಮಾನರು ಭೂತಗನ್ನಡಿಯನ್ನು ಮಡಚಿ, ಅಜ್ಜಿಯ ತಮ್ಮನ ಹೆಸರು ಹೇಳಿದರು. ಗಟ್ಟಿಯಾಗಿ, ಸ್ಪಷ್ಟವಾಗಿ ಹೇಳಿದರು.

ದಾರದ ಮೇಲೆ ಯಾವುದೂ ಅಲುಗಲಿಲ್ಲ.

“ಸುಳ್ಳ್ ಯೋಳ್ಬ್ಯಾಡ ಕಣಪ್ಪ” ಎಂದರು ಅಜ್ಜಿ, ಮೆಲ್ಲಗೆ. “ಅದನ್ ಅವ್ನೂ ಕೇಳುಸ್ಕೋತಾವ್ನೆ. ಅದ್ರಲ್ಲಿ ಏನೈತೋ ಅದನ್ನೇ ಓದು.”

ಇವರು ಬೆವರು ಒರೆಸಿಕೊಂಡು, ಮತ್ತೆ ಕನ್ನಡಿ ಬಿಚ್ಚಿ, ನಿಧಾನವಾಗಿ ನಂಬರು ಓದಿದರು. ಆಮೇಲೆ ಆ ಹೆಸರು ಓದಿದರು.

ಟಿಣ್.

ಒಂದೇ ಸಲವಲ್ಲ. ಬಲತುದಿಯ ಬಿಲ್ಲೆಗಳೆರಡೂ ಒಂದಕ್ಕೊಂದು ತಾಗಿ ಟಿಣ್ ಟಿಣ್ ಟಿಣ್ ಎಂದು ನಿಲ್ಲದೆ ಬಾರಿಸತೊಡಗಿದವು, ತುಂಬಾ ಹೊತ್ತು ಬಾಗಿಲಲ್ಲಿ ಕಾದವರು ಕೊನೆಗೆ ಚಿಲಕ ಅಲುಗಾಡಿಸುವ ಹಾಗೆ. ಅವುಗಳ ಪಕ್ಕದ ಬಿಲ್ಲೆಗಳು ಅಲುಗಲಿಲ್ಲ, ದಾರವೂ ಅಲುಗಲಿಲ್ಲ. ಇವರು ಭೂತಗನ್ನಡಿಯನ್ನು ಜೇಬಿಗೆ ಹಾಕಲು ಹೋಗಿ ಮೂರು ಸಲ ಜೇಬಿನ ಹೊರಗೇ ಹಾಕಿದರು! ಕಂಪನ, ವಿಜ್ಞಾನ ಎಂಬ ಮಾತುಗಳು ಅಂದಿನಿಂದ ನಮ್ಮ ಮನೆಯಲ್ಲಿ ಕೇಳಿಬಂದಿಲ್ಲ.

ಅಜ್ಜಿ ಹೆದರಲಿಲ್ಲ. ಕೈ ಚಾಚಿ ಆ ಬಿಲ್ಲೆಗಳನ್ನು ಅಂಗೈಯಲ್ಲಿ ಹಿಡಿದು ನಿಲ್ಲಿಸಿದರು. ಆ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ, ತೊದಲುತ್ತಾ, ಎರಡು ಸಲ ಹೇಳಿಕೊಂಡರು. ಆಮೇಲೆ ಟ್ಯಾಂಕಿನ ಕಟ್ಟೆಯ ಮೇಲೆ ಕುಳಿತರು.

“ನಿಮಗೆ ಗೊತ್ತಿತ್ತೇನಜ್ಜಿ?” ಎಂದೆ.

“ಓದಕ್ ಬರಕಿಲ್ಲ ಅಂದ್ರೆ ಗೊತ್ತಾಗಕಿಲ್ವಾ?” ಎಂದರು. “ಟ್ರಂಕು ಬಂದ್ ದಿನಾನೇ ಗೊತ್ತಾಯ್ತು. ಮೇಲ್ಗಡೆ ಚೀಟಿ ನಮ್ದೇ, ಅಪ್ಪನ್ ಎಸ್ರೇ ಅಂತ ಟಪಾಲಿನವ್ನು ಓದಿ ಯೋಳ್ದ. ಒಳ್ಗಡೆ ಒಂದಂಗಿ ಇತ್ತು. ಅದ್ರ ತೋಳು ಇಷ್ಟುದ್ದ! ನನ್ ತಮ್ಮ ಗಿಡ್ಡ ಕಣವ್ವ. ಅವ್ನ ಅಂಗಿ ನಾನೇ ಒಗ್ದು ನಾನೇ ಗುಂಡಿ ಆಕಿ ಕಳ್ಸಿರೋಳು, ನಂಗೊತ್ತಾಗಕಿಲ್ವಾ? ಎಲ್ಲೋ ಯಾರ್ದೋ ಟ್ರಂಕ್ಗೆ ಯಾರ್ದೋ ಚೀಟಿ ಅಂಟ್ಸವ್ರೆ.”

“ಮತ್ತ ಯಾಕ ಹೇಳಲಿಲ್ಲ?” ಎಂದರು ಇವರು.

ಅಜ್ಜಿ ಕೆರೆಯ ಕಡೆಗೆ ನೋಡಿದರು. ಕಟ್ಟಡಗಳ ಸಂದಿನಲ್ಲಿ ಅದು ಒಂದು ಚೂರು ಹೊಳೆಯುತ್ತಿತ್ತು.

“ನಾನು ಬಾಯಿ ಬಿಡೋ ಒತ್ಗೆ ಅಪ್ಪ ಆ ಅಂಗೀನ ಎದೇಗ್ ಅವುಚ್ಕೊಂಡ್ಬಿಟ್ಟಿದ್ದ. ದೊಡ್ಡವ್ನು ಓದಾಗ, ನಡುವ್ನವ್ನು ಕಾಲ್ ಕಳ್ಕೊಂಡ್ ಬಂದಾಗ ಅಳ್ದೆ ಇದ್ದೋನು ಅವತ್ ಅತ್ತ. ‘ಅಪ್ಪಾ, ಅದು ನಮ್ದಲ್ಲ’ ಅಂತ ಎಂಗ್ ಯೋಳ್ಲಿ? ಅವ್ನು ಸಾಯೋಗಂಟ ಆ ಅಂಗಿ ತಲೆ ಕೆಳ್ಗೆ ಇಟ್ಕೊಂಡೇ ಮಲಗ್ತಿದ್ದ. ಅದ್ರ ಜೊತೇಗೇ ಮಣ್ಣಾಗಿದ್ದು. ಅಪ್ಪ ಓದ್ಮೇಲೆ ಯೋಳ್ಬೋದಿತ್ತು. ಅಷ್ಟೊತ್ಗೆ ಇವ್ನು ಮನೇವ್ನಾಗ್ಬಿಟ್ಟಿದ್ದ. ಯಾರ್ ಎತ್ತ ಮಗನೋ, ದಾರಿ ತಪ್ಪಿ ಬಾಗ್ಲಿಗ್ ಬಂದವ್ನೆ. ಆಚೆ ನಡಿ ಅನ್ನಕ್ಕಾಗ್ತದಾ? ನಾನಿವನ್ನ ತಳ್ಳುದ್ರೆ, ಅಲ್ಲಿ ನನ್ ತಮ್ಮನ್ನೂ ಯಾರೋ ತಳ್ತಾರೆ.”

ನಾನು ಹೋಗಿ ಅಜ್ಜಿಯ ಪಕ್ಕದಲ್ಲಿ ಕುಳಿತೆ.

“ಎಸ್ರು ಗೊತ್ತಿಲ್ದೆ ಕೂಗೋದೆಂಗೆ, ಅದೊಂದೇ ಕಷ್ಟ ಆಗಿತ್ತು” ಎಂದರು ಅಜ್ಜಿ. “ತಮ್ಮನ್ ಎಸ್ರಲ್ ಕೂಗುದ್ರೆ ತಿರುಗ್ತಾನೇ ಇರ್ಲಿಲ್ಲ. ಪಾಪ, ಅವ್ನಾದ್ರೂ ಯಾಕ್ ತಿರುಗ್ತಾನೆ?”

ಇವರು ಆ ವ್ಯವಹಾರವನ್ನು ಕೈಗೆ ತೆಗೆದುಕೊಂಡರು. ಆ ನಂಬರು ಬರೆದು, ಸೈನ್ಯದ ದಾಖಲೆ ಇಟ್ಟುಕೊಳ್ಳುವ ಕಚೇರಿಗೆ ಕಾಗದ ಹಾಕಿದರು, ಫೋನು ಮಾಡಿದರು, ಮತ್ತೆ ಕಾಗದ ಹಾಕಿದರು. ಮೂರು ತಿಂಗಳ ಮೇಲೆ ಒಡಿಶಾದ ಒಂದು ಹಳ್ಳಿಯ ವಿಳಾಸ ಬಂತು. ಅಲ್ಲಿ ಈಗ ಯಾರಿದ್ದಾರೋ, ಇದ್ದಾರೋ ಇಲ್ಲವೋ. ಅಜ್ಜಿಯ ತಮ್ಮನ ಸಾಮಾನು ಎಲ್ಲಿ ಹೋಯಿತೆಂಬ ಪ್ರಶ್ನೆಗೆ ಉತ್ತರ ಇನ್ನೂ ಬಂದಿಲ್ಲ. ಇವರು ಇನ್ನೂ ಬರೆಯುತ್ತಿದ್ದಾರೆ.

“ಬಿಲ್ಲೆಗಳನ್ನ ರಿಜಿಸ್ಟರ್ ಪೋಸ್ಟಿನಾಗ ಕಳಿಸೋಣೇನಜ್ಜಿ?” ಎಂದು ಇವರು ಕೇಳಿದ್ದಕ್ಕೆ ಅಜ್ಜಿ ಕೆಂಡವಾದರು. “ಪಾರ್ಸಲ್ಲಲ್ಲೇ ದಾರಿ ತಪ್ದವ್ನು ಅವ್ನು! ಮತ್ತೆ ಪೋಸ್ಟ್ಗಾಕ್ತೀಯಾ? ಮನೇವ್ರು ಬಂದು ಕೈ ಇಡ್ದು ಕರ್ಕೊಂಡ್ ಓಗ್ಲಿ. ಮೊದ್ಲು ಕಾಗ್ದ ಬರಿ.”

ಕಾಗದ ಬರೆಯಲು ಪಕ್ಕದ ಪೀಜಿಯ ಕಾವಲುಗಾರನನ್ನು ಕರೆತಂದೆ. ಒಡಿಶಾದವನು, ಐವತ್ತರ ಆಸುಪಾಸಿನವನು, ಮಿತಭಾಷಿ. ಅವತ್ತೂ ಭಾನುವಾರ, ಬಿಲ್ಲೆಗಳು ದಾರದ ಮೇಲಿದ್ದವು. ಟೆರೇಸಿನ ಮೇಲೆ ಚಾಪೆ ಹಾಸಿ ಕುಳಿತೆವು. ಅಜ್ಜಿ ತಮ್ಮ ಕನ್ನಡದಲ್ಲಿ ಹೇಳುವುದು, ನಾನು ನನ್ನ ಹರಕು ಹಿಂದಿಗೆ ತಿರುಗಿಸುವುದು, ಅವನು ಒಡಿಯಾದಲ್ಲಿ ಬರೆಯುವುದು. ಅಜ್ಜಿ ಹೇಳಿದ್ದಕ್ಕೆ ಕೊನೆ ಮೊದಲಿಲ್ಲ. ‘ನಿಮ್ ಉಡ್ಗ ಚೆನ್ನಾಗವ್ನೆ ಅಂತ ಬರಿ.’ ‘ಸ್ವಲ್ಪ ಅಟಮಾರಿ ಅಂತ ಬರಿ.’ ‘ಕೋಪುಸ್ಕೋಬೇಡಿ, ಅಪ್ಪನ್ ಜೊತೆ ಅಂಗಿ ಮಣ್ಣಾಗೋಯ್ತು ಅಂತ ಬರಿ.’ ಹಿಂದಿಯಲ್ಲಿ ಹಟಮಾರಿಗೆ ಏನೆನ್ನುತ್ತಾರೆಂದು ತಿಳಿಯದೆ ನಾನು ಮುಖ ಗಂಟಿಕ್ಕಿ ಕೈ ಕಟ್ಟಿ ಕುಳಿತು ತೋರಿಸಿದೆ. ಕಾವಲುಗಾರ ಮೊದಲ ಸಲ ನಕ್ಕ.

ಕೊನೆಗೆ ಅಜ್ಜಿ ದಾರದ ಕಡೆಗೆ ತಿರುಗಿ ಕುಳಿತರು. ಮುಗಿಯಿತೆಂದು ಅವನು ಪೆನ್ನು ಮುಚ್ಚಿದ. ಆಗ ಹೇಳಿದರು: “ಇಲ್ಲಿ ಅವ್ನು ಒಬ್ನೇ ಇರ್ಲಿಲ್ಲ, ಇಬ್ರು ಅಣ್ಣಂದ್ರು ಜೊತೇಲಿದ್ರು ಅಂತ ಬರಿ.”

ನಾನು ಅದನ್ನು ಹಿಂದಿಗೆ ತಿರುಗಿಸಿದೆ. ಅವನು ಬರೆದ. ತುಂಬಾ ನಿಧಾನವಾಗಿ ಬರೆದ. ಬರೆದು, ಎಲ್ಲವನ್ನೂ ಒಮ್ಮೆ ಓದಿ ತೋರಿಸುತ್ತೇನೆ ಎನ್ನುವಂತೆ ಕಾಗದವನ್ನು ಅಜ್ಜಿಯ ಕಡೆಗೆ ಹಿಡಿದು ಓದಲು ಶುರುಮಾಡಿದ.

ಎರಡು ಸಾಲು ಕೇಳಿ ಅಜ್ಜಿ ಕೈ ಅಡ್ಡ ಹಿಡಿದು, ದಾರದ ಬಲತುದಿಯನ್ನು ತೋರಿಸಿದರು.

“ನನ್ ಕಡೆ ಅಲ್ಲಪ್ಪ. ಅವ್ನ್ ಕಡೆ ತಿರುಗಿ ಓದು. ಇಷ್ಟ್ ವರ್ಸದಿಂದ ಅವ್ನ ಮಾತಲ್ಲಿ ಅವ್ನ ಜೊತೆ ಯಾರೂ ಮಾತಾಡಿಲ್ಲ.”

ನಾನು ಅದನ್ನು ಹಿಂದಿಯಲ್ಲಿ ಹೇಳಬೇಕಾಗಲಿಲ್ಲ. ಅವನು ತಲೆಯ ಮೇಲಿನ ಟೋಪಿ ತೆಗೆದು ಚಾಪೆಯ ಮೇಲಿಟ್ಟ. ಎದ್ದು ನಿಂತು, ದಾರದ ಬಲತುದಿಯ ಕಡೆಗೆ ತಿರುಗಿ, ಆ ಹೆಸರಿನಿಂದ ಮೊದಲುಮಾಡಿ, ಮತ್ತೆ ಓದತೊಡಗಿದ.